ಆಟಕ್ಕಿಲ್ಲ ಎನ್ನುವುದರ ಬೆಲೆ

1957ರ ಒಂದು ಫುಟ್‌ಬಾಲ್ ಗುಂಪಿನ ಕತೆ ವಿಚಿತ್ರವಾದುದು. ಮರುವರ್ಷ ಸ್ವೀಡನ್ನಿನಲ್ಲಿ ನಡೆಯಲಿದ್ದ ವಿಶ್ವಕಪ್ಪಿನಲ್ಲಿ ಏಷ್ಯಾ ಮತ್ತು ಆಫ್ರಿಕಾ ಎರಡೂ ಖಂಡಗಳಿಗೆ ಸೇರಿ ಕೊಟ್ಟಿದ್ದುದು ಒಂದೇ ಒಂದು ಜಾಗ. ಆ ಜಾಗಕ್ಕಾಗಿ ನಡೆದ ಅರ್ಹತಾ ಸುತ್ತಿನಲ್ಲಿ ಇಸ್ರೇಲಿನ ಎದುರು ಮೊದಲು ಆಡಬೇಕಿದ್ದುದು ತುರ್ಕಿ. ಅದು ಹಿಂದೆ ಸರಿಯಿತು. ಎರಡನೆಯ ಸುತ್ತಿನಲ್ಲಿ ಇಂಡೋನೇಷ್ಯಾ ಬರಬೇಕಿತ್ತು, ಅದೂ ಹಿಂದೆ ಸರಿಯಿತು. ಇನ್ನೊಂದು ಕಡೆಯಲ್ಲಿ ಸುಡಾನ್ ವಿರುದ್ಧ ಆಡಬೇಕಿದ್ದ ಈಜಿಪ್ಟ್ ಕಣ ಬಿಟ್ಟಿತು. ಕೊನೆಗೆ ಉಳಿದದ್ದು ಇಸ್ರೇಲ್ ಮತ್ತು ಸುಡಾನ್. ಸುಡಾನ್ ಕೂಡ ಆಡಲೊಲ್ಲೆ ಎಂದಿತು. ಹೀಗೆ ಒಂದು ಚೆಂಡನ್ನೂ ಒದೆಯದೆ, ಒಂದು ಹನಿ ಬೆವರನ್ನೂ ಸುರಿಸದೆ, ಒಂದು ತಂಡ ಎರಡು ಖಂಡಗಳ ವಿಜೇತನಾಗಿ ನಿಂತಿತು.

ಫಿಫಾಕ್ಕೆ ಇದು ಇರುಸುಮುರುಸಾಯಿತು. ಆತಿಥೇಯ ದೇಶ ಮತ್ತು ಹಿಂದಿನ ಚಾಂಪಿಯನ್ ಬಿಟ್ಟು ಉಳಿದ ಯಾರೂ ಒಂದು ಪಂದ್ಯವನ್ನಾದರೂ ಆಡದೆ ವಿಶ್ವಕಪ್ಪಿಗೆ ಬರಕೂಡದು ಎಂಬ ನಿಯಮ ಹಾಕಿತು. ಬೇರೆ ಗುಂಪುಗಳಲ್ಲಿ ಎರಡನೆಯ ಸ್ಥಾನ ಪಡೆದು ಮನೆಗೆ ಹೋಗಿದ್ದ ತಂಡಗಳ ಹೆಸರು ಬರೆದು ಚೀಟಿ ಎತ್ತಿದರು. ಬೆಲ್ಜಿಯಂ ಬಂತು. ಅದೂ ಒಲ್ಲೆ ಎಂದಿತು. ಮತ್ತೆ ಎತ್ತಿದಾಗ ಬಂದ ಹೆಸರು ವೇಲ್ಸ್. ವೇಲ್ಸ್ ಒಪ್ಪಿಕೊಂಡಿತು. 1958ರ ಜನವರಿ 15ರಂದು ರಮತ್ ಗಾನ್‌ನಲ್ಲಿ 2-0, ಫೆಬ್ರುವರಿ 5ರಂದು ಕಾರ್ಡಿಫ್‌ನಲ್ಲಿ ಮತ್ತೆ 2-0. ಏಷ್ಯಾ-ಆಫ್ರಿಕಾದ ಜಾಗದಲ್ಲಿ ಯುರೋಪಿನ ಒಂದು ಪುಟ್ಟ ನಾಡು ಸ್ವೀಡನ್ನಿಗೆ ಹೊರಟಿತು.

ದಾಖಲೆಯ ಪುಸ್ತಕಗಳಲ್ಲಿ ಈ ಗುಂಪಿನ ಎದುರು ಒಂದೇ ಪದ ಮತ್ತೆ ಮತ್ತೆ ಬರುತ್ತದೆ: 'ಹಿಂದೆ ಸರಿಯಿತು'. ನನ್ನನ್ನು ಕಾಡಿದ್ದು ಈ ಪದವೇ. ಆಡಲಾರೆ ಎನ್ನುವುದು ಯಾವಾಗ ನೈತಿಕ ಕ್ರಿಯೆಯಾಗುತ್ತದೆ, ಯಾವಾಗ ಬರಿಯ ಮುನಿಸಾಗುತ್ತದೆ, ಯಾವಾಗ ಹೇಡಿತನವಾಗುತ್ತದೆ? ಬೀದಿಯಲ್ಲಿ ಆಡುವ ಮಕ್ಕಳು ಜಗಳವಾದಾಗ 'ನಾ ಆಟಕ್ಕಿಲ್ಲ' ಎಂದು ಬ್ಯಾಟು ಎತ್ತಿಕೊಂಡು ಹೋಗುತ್ತಾರೆ, ಟೂ ಬಿಡುತ್ತಾರೆ. ದೇಶಗಳು ಮಾಡುವುದೂ ಇದನ್ನೇ ಎಂದು ನಗುವವರಿದ್ದಾರೆ. ಆದರೆ ಮಕ್ಕಳಾಟದ ಮುನಿಸಿನಲ್ಲೂ ನ್ಯಾಯದ ಒಂದು ಪ್ರಶ್ನೆ ಇರುತ್ತದೆ. ಮೋಸ ಮಾಡಿದವನ ಜತೆ ಆಡುತ್ತಲೇ ಇರಬೇಕೆ?

ಈ ಪ್ರಶ್ನೆ ಹಳೆಯದಾಗಿಲ್ಲ. 2026ರ ವಿಶ್ವಕಪ್ಪಿನ ಯುರೋಪ್ ಅರ್ಹತಾ ಸುತ್ತಿನ 'ಐ' ಗುಂಪಿನಲ್ಲಿ ನಾರ್ವೆ, ಇಟಲಿ, ಇಸ್ರೇಲ್, ಎಸ್ಟೋನಿಯಾ, ಮಾಲ್ಡೋವಾ ಇದ್ದವು. 2025ರಲ್ಲಿ, ಗಾಜಾದಲ್ಲಿ ಮಕ್ಕಳ ಶವಗಳನ್ನು ಲೆಕ್ಕ ಹಾಕುತ್ತಿದ್ದ ದಿನಗಳಲ್ಲಿ, ಈ ಗುಂಪಿನ ಪಂದ್ಯಗಳು ನಡೆದವು. ಇಸ್ರೇಲಿನ 'ತವರಿನ' ಪಂದ್ಯಗಳು ಹಂಗೇರಿಯ ಡೆಬ್ರೆಸೆನ್ ಊರಿನಲ್ಲಿ ನಡೆದವು. ಇಟಲಿಯಲ್ಲಿ ತರಬೇತುದಾರರ ಸಂಘವೇ ಇಸ್ರೇಲನ್ನು ಅಮಾನತು ಮಾಡಿ ಎಂದು ಕೇಳಿತು. ಆದರೂ ಯಾರೂ ಹಿಂದೆ ಸರಿಯಲಿಲ್ಲ. ಚಹಾದಂಗಡಿಯಲ್ಲಿ ಪತ್ರಿಕೆ ಓದುವ ನಮ್ಮವರು ಆಗ ಎರಡು ಮಾತು ಹೇಳುತ್ತಿದ್ದರು. 'ಆಟದಲ್ಲಿ ರಾಜಕೀಯ ತರಬಾರದು' ಎನ್ನುವುದು ಒಂದು. 'ಅವರ ಜತೆ ಮೈದಾನಕ್ಕೆ ಇಳಿಯುವುದೇ ಪಾಪ' ಎನ್ನುವುದು ಇನ್ನೊಂದು. ಎರಡೂ ಮಾತುಗಳನ್ನು ಕೇಳಿದಾಗ ನನಗೆ ಎರಡೂ ಅರ್ಧಂಬರ್ಧ ಅನಿಸಿದವು. ಎರಡನ್ನೂ ಹಳೆಯ ಉದಾಹರಣೆಗಳ ಮೇಲೆ ಉಜ್ಜಿ ನೋಡುವುದು ಒಳ್ಳೆಯದು.

ಮೊದಲು ಆ 'ಹಿಂದೆ ಸರಿಯಿತು' ಎಂಬ ಪದವನ್ನು ಬಿಡಿಸಿ ನೋಡಬೇಕು. ತುರ್ಕಿಯ ತಕರಾರು ಇಸ್ರೇಲಿನ ಮೇಲೆ ಅಲ್ಲ, ತನ್ನನ್ನು ಏಷ್ಯಾ-ಆಫ್ರಿಕಾದ ಗುಂಪಿಗೆ ಸೇರಿಸಿದ್ದರ ಮೇಲೆ. ತಾನು ಯುರೋಪಿನದು ಎನ್ನುವುದು ಅದರ ವಾದ. ಇಂಡೋನೇಷ್ಯಾದ ಕತೆಯೇ ಬೇರೆ. ಅದು ಚೀನಾದ ಜತೆ ಮೂರು ಪಂದ್ಯ ಆಡಿ ಬಂದಿತ್ತು. ಜಕಾರ್ತದಲ್ಲಿ ಗೆದ್ದು, ಬೀಜಿಂಗಿನಲ್ಲಿ 3-4ರಿಂದ ಸೋತು, ರಂಗೂನಿನಲ್ಲಿ ಗೋಲಿಲ್ಲದೆ ಸಮ ಮಾಡಿಕೊಂಡು, ಗೋಲುಗಳ ಸರಾಸರಿಯ ಮೇಲೆ ಮುಂದೆ ಬಂದ ತಂಡ ಅದು. ಅದರ ಹಿಂದಿನ ವರ್ಷ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ, ಮುಂದೆ ಚಿನ್ನ ಗೆದ್ದ ಸೋವಿಯತ್ ತಂಡವನ್ನೇ 0-0ಗೆ ತಡೆದು ನಿಲ್ಲಿಸಿತ್ತು. ಇಸ್ರೇಲಿನ ಜತೆಗಿನ ಪಂದ್ಯವನ್ನು ತಟಸ್ಥ ನೆಲದಲ್ಲಿ ಆಡಿಸಿ ಎಂದು ಅದು ಕೇಳಿತು. ಫಿಫಾ ಒಪ್ಪಲಿಲ್ಲ. ಆಗ ಹಿಂದೆ ಸರಿಯಿತು. ಬಾಂಡುಂಗ್ ಸಮ್ಮೇಳನ ನಡೆದು ಎರಡು ವರ್ಷವಾಗಿತ್ತು. ಹೊಸದಾಗಿ ಸ್ವತಂತ್ರವಾದ ದೇಶಗಳ ನಡುವೆ ಒಂದು ಬಂಧುತ್ವ ಮೂಡುತ್ತಿದ್ದ ಕಾಲ ಅದು. ಈಜಿಪ್ಟಿಗೆ ಹಿಂದಿನ ವರ್ಷವಷ್ಟೇ ಸುಯೆಜ್ ಯುದ್ಧ ಬಡಿದಿತ್ತು. ಇಸ್ರೇಲಿನ ಸೈನ್ಯ ಸಿನಾಯ್ ಒಳಗೆ ನುಗ್ಗಿದ ನೆನಪು ಇನ್ನೂ ಹಸಿಯಾಗಿತ್ತು. ಸುಡಾನ್ ಸ್ವತಂತ್ರವಾದದ್ದು 1956ರ ಜನವರಿ 1ರಂದು. ಅದರ ರಾಜಧಾನಿ ಖಾರ್ಟೂಮಿನಲ್ಲೇ 1957ರ ಫೆಬ್ರುವರಿಯಲ್ಲಿ ಮೊದಲ ಆಫ್ರಿಕನ್ ಕಪ್ ನಡೆದಾಗ, ಕರಿಯರು ಬಿಳಿಯರು ಸೇರಿದ ತಂಡವನ್ನು ಕಳಿಸಲೊಪ್ಪದ ದಕ್ಷಿಣ ಆಫ್ರಿಕಾವನ್ನು ಹೊರಗಿಡಲಾಗಿತ್ತು. ಆ ಕಪ್ಪಿಗೆ ಮೂರೇ ತಂಡಗಳು ಉಳಿದವು. ಅಂಥ ಎಳೆಯ ದೇಶ, ವಿಶ್ವಕಪ್ಪಿನ ಹೊಸ್ತಿಲಲ್ಲಿ ನಿಂತು, ಬೇಡ ಎಂದು ತಿರುಗಿ ಹೋಯಿತು.

ನಾಲ್ಕು ದೇಶ, ಒಂದು ಪದ, ಆದರೆ ಒಂದೇ ಕಾರಣವಲ್ಲ. ನಾನು ಉರ್ದು ಶಾಲೆಯಲ್ಲಿ ಕಲಿತ ಎರಡು ಪದಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಒಂದು 'ಇನ್ಕಾರ್', ಇನ್ನೊಂದು 'ಗುರೇಜ್'. ಇನ್ಕಾರ್ ಎಂದರೆ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಇಲ್ಲ ಎನ್ನುವುದು. ಗುರೇಜ್ ಎಂದರೆ ಮೆಲ್ಲಗೆ ಪಕ್ಕಕ್ಕೆ ಸರಿದು ಹೋಗುವುದು. ಕನ್ನಡದಲ್ಲಿ ಹೇಳುವುದಾದರೆ ಒಂದು ನಿರಾಕರಣೆ, ಇನ್ನೊಂದು ಜಾರಿಕೊಳ್ಳುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಎರಡರಲ್ಲೂ ಮನುಷ್ಯ ಅಲ್ಲಿಂದ ಎದ್ದು ಹೋಗಿರುತ್ತಾನೆ, ಜಾಗ ಖಾಲಿ ಇರುತ್ತದೆ. ಆದರೆ ಇನ್ಕಾರ್ ಮಾಡಿದವನು ಕಾರಣ ಹೇಳುತ್ತಾನೆ, ಬೆಲೆ ತೆರುತ್ತಾನೆ. ಗುರೇಜ್ ಮಾಡಿದವನು ಕಾರಣವನ್ನು ಆಮೇಲೆ ಹುಡುಕುತ್ತಾನೆ.

ನಮ್ಮ ದೇಶದ ಇತಿಹಾಸದಲ್ಲಿ ಎರಡಕ್ಕೂ ಉದಾಹರಣೆ ಇದೆ. 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಭಾರತದ ಅರ್ಹತಾ ಗುಂಪಿನಲ್ಲಿ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಇದ್ದವು. ಮೂರೂ ಹಿಂದೆ ಸರಿದವು. ಆಡದೆಯೇ ಭಾರತ ಅರ್ಹವಾಯಿತು. ಇಟಲಿ, ಸ್ವೀಡನ್, ಪರಾಗ್ವೆಯ ಜತೆ ಒಂದೇ ಗುಂಪಿನಲ್ಲಿ ಅದರ ಹೆಸರೂ ಬಂತು. ಆದರೆ ಭಾರತ ಹೋಗಲೇ ಇಲ್ಲ. ಬರಿಗಾಲಲ್ಲಿ ಆಡಲು ಫಿಫಾ ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಎಂಬ ಕತೆಯನ್ನು ಕೇಳಿಕೊಂಡೇ ನಾವೆಲ್ಲ ಬೆಳೆದವರು. ಕೇಳಲು ಚೆಂದದ ಕತೆ. ಬಡ ದೇಶದ ಬರಿಗಾಲು, ಸಿರಿವಂತರ ಬೂಟು. ಆದರೆ ಆಗಿನ ತಂಡದ ನಾಯಕ ಶೈಲೇನ್ ಮನ್ನಾ ಮುಂದೆ ಹೇಳಿದಂತೆ, ಅದು ಸತ್ಯವನ್ನು ಮುಚ್ಚಲು ಹೊದಿಸಿದ ಬಟ್ಟೆ. ನಮ್ಮ ಫುಟ್‌ಬಾಲ್ ಆಡಳಿತಗಾರರ ಕಣ್ಣಿಗೆ ಒಲಿಂಪಿಕ್ಸ್ ದೊಡ್ಡದಾಗಿತ್ತು, ವಿಶ್ವಕಪ್ ಏನೆಂಬ ಅಂದಾಜೇ ಇರಲಿಲ್ಲ. ದೂರದ ಹಡಗಿನ ಪಯಣ, ಖರ್ಚು, ಅಭ್ಯಾಸಕ್ಕೆ ಸಮಯ ಸಾಲದು ಎಂಬ ಮಾತುಗಳು ಸೇರಿದವು. ಖರ್ಚಿನ ದೊಡ್ಡ ಪಾಲನ್ನು ಕೊಡುತ್ತೇವೆ ಎಂದು ಬ್ರೆಜಿಲ್‌ನವರು ಹೇಳಿದರೂ ಇವರು ಏಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ಕೊನೆಗೆ ತಪ್ಪು ಬೂಟಿನ ತಲೆಗೆ ಬಂತು.

ಇದರ ಬೆಲೆ ತೆತ್ತವರು ಯಾರು? ಬೆಂಗಳೂರಿನ ಅಹಮದ್ ಖಾನ್ ಅವರಂಥವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು 1-2ರಲ್ಲಿ ಸೋತರೂ ಜನರ ಮನಸ್ಸು ಗೆದ್ದ ತಂಡದಲ್ಲಿ ಅವರಿದ್ದರು. ಬರಿಗಾಲಲ್ಲಿ ಚೆಂಡನ್ನು ಮಾತಾಡಿಸುತ್ತಿದ್ದ ಆಟಗಾರ. 1951ರಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದರು, 1952ರಲ್ಲಿ ಮತ್ತೆ ಒಲಿಂಪಿಕ್ಸಿಗೆ ಹೋದರು. ವಿಶ್ವಕಪ್ ಮಾತ್ರ ಅವರ ಪಾಲಿಗೆ ಬರಲಿಲ್ಲ. ಆ ವಯಸ್ಸು, ಆ ಕಾಲು, ಆ ವರ್ಷ ಮತ್ತೆ ಸಿಗುವುದಿಲ್ಲ. ಯಾವುದೋ ಕಚೇರಿಯಲ್ಲಿ ಕೂತು ಕೆಲವರು ಜಾರಿಕೊಂಡದ್ದಕ್ಕೆ ತೆರಿಗೆ ಕಟ್ಟಿದ್ದು ಇವರ ಪ್ರಾಯ.

ಇದಕ್ಕೆ ಎದುರಾಗಿ 1974ರ ಡೇವಿಸ್ ಕಪ್ ಟೆನಿಸ್ ಇದೆ. ಆನಂದ್ ಮತ್ತು ವಿಜಯ್ ಅಮೃತರಾಜ್ ಸೋದರರಿದ್ದ ಭಾರತ ತಂಡ ಫೈನಲ್ ತಲುಪಿತ್ತು. ಎದುರಾಳಿ ವರ್ಣಭೇದದ ದಕ್ಷಿಣ ಆಫ್ರಿಕಾ. ಭಾರತ ಆಡಲಿಲ್ಲ. ಕಪ್ ದಕ್ಷಿಣ ಆಫ್ರಿಕಾದ ಪಾಲಾಯಿತು. ಭಾರತ ಅದಕ್ಕೂ ಮೊದಲು 1966ರಲ್ಲಿ, ಆಮೇಲೆ 1987ರಲ್ಲಿ ಫೈನಲ್ ಆಡಿ ಸೋತಿದೆ. ಕಪ್ಪನ್ನು ಒಮ್ಮೆಯೂ ಮುಟ್ಟಿಲ್ಲ. ಅಂದರೆ ಆ ಇನ್ಕಾರಿನ ಬೆಲೆ ಸಣ್ಣದಲ್ಲ. ಕಾರಣವನ್ನು ಮುಚ್ಚಿಡಲಿಲ್ಲ, ಬೂಟಿನ ಮೇಲೆ ಹಾಕಲಿಲ್ಲ. ಚರ್ಮದ ಬಣ್ಣ ನೋಡಿ ಮನುಷ್ಯರನ್ನು ವಿಂಗಡಿಸುವ ಸರಕಾರದ ಹೆಸರಿನಲ್ಲಿ ಬಂದವರ ಜತೆ ಆಡುವುದಿಲ್ಲ ಎಂದು ನೇರವಾಗಿ ಹೇಳಿತು. ಒಂದೇ ದೇಶ, ಕಾಲು ಶತಮಾನದ ಅಂತರದಲ್ಲಿ ಎರಡು ಸಲ ಆಡದೆ ಉಳಿಯಿತು. ಒಂದನ್ನು ನೆನೆದರೆ ಮುಜುಗರವಾಗುತ್ತದೆ, ಇನ್ನೊಂದನ್ನು ನೆನೆದರೆ ತಲೆ ಎತ್ತುವಂತಾಗುತ್ತದೆ.

ಆದರೆ ಆಟದಲ್ಲಿ ರಾಜಕೀಯ ಬೇಡ ಎನ್ನುವವರ ಮಾತನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅವರ ಮಾತಿನಲ್ಲಿ ಒಂದು ಆಸೆ ಇದೆ. ಜಗತ್ತಿನಲ್ಲಿ ತೊಂಬತ್ತು ನಿಮಿಷವಾದರೂ ಎಲ್ಲರಿಗೂ ಒಂದೇ ನಿಯಮ ಇರುವ ಒಂದು ಜಾಗ ಇರಲಿ ಎಂಬ ಆಸೆ. ಹೊರಗೆ ದೊಡ್ಡ ದೇಶ ಸಣ್ಣ ದೇಶವನ್ನು ನುಂಗಬಹುದು, ಮೈದಾನದಲ್ಲಿ ಹನ್ನೊಂದಕ್ಕೆ ಹನ್ನೊಂದೇ. ಈ ಸಮಾನತೆಯನ್ನು ಕಾಪಾಡಬೇಕು ಎನ್ನುವುದು ಒಳ್ಳೆಯ ಮಾತು. ತೊಡಕು ಬರುವುದು ಹೊರಗಿನ ಜಗತ್ತು ಮೈದಾನದ ಒಳಗೇ ಬಂದು ಕೂತಾಗ.

1973ರ ಸೆಪ್ಟೆಂಬರ್ 11ರಂದು ಚಿಲಿಯಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು. ವಿಶ್ವಕಪ್ ಅರ್ಹತೆಗಾಗಿ ಚಿಲಿ ಮತ್ತು ಸೋವಿಯತ್ ಒಕ್ಕೂಟದ ನಡುವೆ ಎರಡು ಪಂದ್ಯ ಗೊತ್ತಾಗಿದ್ದವು. ಸೆಪ್ಟೆಂಬರ್ 26ರಂದು ಮಾಸ್ಕೋದಲ್ಲಿ ಮೊದಲನೆಯದು ಗೋಲಿಲ್ಲದೆ ಮುಗಿಯಿತು. ಎರಡನೆಯದು ನಡೆಯಬೇಕಿದ್ದುದು ಸಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ. ಆ ಕ್ರೀಡಾಂಗಣವನ್ನು ಸೈನ್ಯ ಸೆರೆಮನೆ ಮಾಡಿಕೊಂಡಿತ್ತು. ಸಾವಿರಾರು ಜನರನ್ನು ಅಲ್ಲಿ ಕೂಡಿಹಾಕಿ, ಚಿತ್ರಹಿಂಸೆ ಕೊಟ್ಟು, ಹಲವರನ್ನು ಕೊಂದಿದ್ದರು. ಸೋವಿಯತ್ ಒಕ್ಕೂಟ ಬೇರೆ ದೇಶದಲ್ಲಿ ಆಡಿಸಿ ಎಂದು ಕೇಳಿತು. ಫಿಫಾದ ಪ್ರತಿನಿಧಿಗಳು ಅಕ್ಟೋಬರ್ ಕೊನೆಯಲ್ಲಿ ಬಂದು, ಹುಲ್ಲು ನೋಡಿ, ಎಲ್ಲ ಸರಿಯಾಗಿದೆ ಎಂದು ವರದಿ ಬರೆದರು. ಆ ಹೊತ್ತಿನಲ್ಲಿ ತಮ್ಮನ್ನು ಕೆಳಗಿನ ಕೋಣೆಗಳಲ್ಲಿ ಸದ್ದಿಲ್ಲದಂತೆ ಅಡಗಿಸಿಟ್ಟಿದ್ದರು ಎಂದು ಬದುಕುಳಿದ ಕೈದಿಗಳು ಆಮೇಲೆ ಹೇಳಿದರು.

ಸೋವಿಯತ್ ತಂಡ ಬರಲಿಲ್ಲ. ನವೆಂಬರ್ 21ರಂದು ಚಿಲಿಯ ಹನ್ನೊಂದು ಆಟಗಾರರು ಮೈದಾನಕ್ಕೆ ಇಳಿದರು. ಎದುರಿಗೆ ಯಾರೂ ಇಲ್ಲ. ಚೆಂಡನ್ನು ಒಬ್ಬರಿಗೊಬ್ಬರು ತಳ್ಳುತ್ತ ಹೋಗಿ, ನಾಯಕ ಫ್ರಾನ್ಸಿಸ್ಕೊ ವಾಲ್ಡೆಸ್ ಕಾವಲಿಲ್ಲದ ಗೋಲುಪೆಟ್ಟಿಗೆಗೆ ಒದ್ದ. ಫಲಕದಲ್ಲಿ ಗೋಲು ಬಂತು, ಚಿಲಿ ವಿಶ್ವಕಪ್ಪಿಗೆ ಹೋಯಿತು. ಫುಟ್‌ಬಾಲ್ ಚರಿತ್ರೆಯಲ್ಲಿ ಇಷ್ಟು ಸುಲಭದ ಗೋಲೂ ಇಲ್ಲ, ಇಷ್ಟು ಭಾರದ ಗೋಲೂ ಇಲ್ಲ. ಅಂದು ಮೈದಾನದಲ್ಲಿದ್ದ ಕಾರ್ಲೋಸ್ ಕಾಸೆಲಿ ಎಂಬ ಆಟಗಾರ ಆ ದಿನವನ್ನು ನೆನೆದು ಮುಂದೆ ನಾಚಿಕೊಂಡ. ವಿಶ್ವಕಪ್ಪಿಗೆ ಹೊರಡುವ ಮುನ್ನ ಪಿನೊಚೆಟ್ ಕೈ ಚಾಚಿದಾಗ ಅವನು ತನ್ನ ಕೈ ಕೊಡಲಿಲ್ಲ. ಅವನ ತಾಯಿಯನ್ನು ಹಿಡಿದು ಹಿಂಸಿಸಿದರು.

ಹುಲ್ಲು ಮಾತ್ರ ನೋಡಿ ಎಲ್ಲ ಸರಿಯಿದೆ ಎಂದವರು ರಾಜಕೀಯದಿಂದ ದೂರ ಇದ್ದರೇ? ನನಗೆ ಹಾಗನಿಸುವುದಿಲ್ಲ. ಸೆರೆಮನೆಯಾದ ಮೈದಾನದಲ್ಲಿ ಆಟ ನಡೆಯಲಿ ಎನ್ನುವುದು ಸೆರೆ ಹಿಡಿದವರ ಪರವಾದ ಮಾತು. ಅನ್ಯಾಯ ಮಾಡುವವನಿಗೆ ಬೇಕಾದದ್ದು ನಮ್ಮ ಹೊಗಳಿಕೆಯಲ್ಲ, ಎಲ್ಲವೂ ಎಂದಿನಂತಿದೆ ಎಂಬ ತೋರಿಕೆ. ಆಟ ಅದನ್ನು ಬಹಳ ಚೆನ್ನಾಗಿ ಒದಗಿಸುತ್ತದೆ.

ಇಲ್ಲೊಂದು ತಕರಾರು ಏಳುತ್ತದೆ, ಏಳಬೇಕು. ಚಿಲಿಯ ಸೆರೆಮನೆ ಕಂಡು ನೊಂದುಕೊಂಡ ಸೋವಿಯತ್ ಒಕ್ಕೂಟದ ಕೈ ಶುದ್ಧವಿತ್ತೇ? 1956ರಲ್ಲಿ ಹಂಗೇರಿಗೆ, 1968ರಲ್ಲಿ ಚೆಕೊಸ್ಲೊವಾಕಿಯಕ್ಕೆ ಟ್ಯಾಂಕು ಕಳಿಸಿದವರು ಅವರೇ. ಅವರದೇ ಶಿಬಿರಗಳಲ್ಲಿ ಅವರದೇ ಲೇಖಕರು ಕೊಳೆಯುತ್ತಿದ್ದರು. ಚಿಲಿಯಲ್ಲಿ ಎಡಪಂಥೀಯ ಸರಕಾರ ಬಿದ್ದಿತ್ತು ಎಂಬ ಕಾರಣಕ್ಕೇ ಅವರಿಗೆ ನೋವಾದದ್ದು ಎನ್ನಬಹುದು. ಅದು ನಿಜವೇ ಇರಬಹುದು. ಆದರೂ ಆ ಕೆಳಗಿನ ಕೋಣೆಯಲ್ಲಿದ್ದ ಕೈದಿಯ ಕಡೆಯಿಂದ ಯೋಚಿಸಿ. ತನ್ನ ತಲೆಯ ಮೇಲೆ ಆಟ ಆಡಲು ಒಬ್ಬರು ಒಪ್ಪಲಿಲ್ಲ ಎನ್ನುವುದು ಅವನಿಗೆ ಮುಖ್ಯ, ಒಪ್ಪದವರ ಚರಿತ್ರೆಯಲ್ಲ. ಕೊಳಕು ಕೈ ಹೇಳಿದ ಸತ್ಯವೂ ಸತ್ಯವೇ. ಆದರೆ ಒಮ್ಮೆ ಸತ್ಯ ಹೇಳಿದವನನ್ನು ನಾವು ಮುಂದಿನ ಸಲವೂ ಕೇಳಬೇಕು: ನಿನ್ನ ಮನೆಯ ಕೆಳಗಿನ ಕೋಣೆಯಲ್ಲಿ ಯಾರಿದ್ದಾರೆ?

ಈಗ ಎರಡನೆಯ ಮಾತಿಗೆ ಬರೋಣ. ಎದುರಾಳಿಯ ಸರಕಾರ ತಪ್ಪು ಮಾಡಿದ್ದರೆ ಮೈದಾನಕ್ಕೆ ಇಳಿಯುವುದೇ ಪಾಪ ಎನ್ನುವ ಮಾತು. ಇದರ ತೊಂದರೆ ಎಂದರೆ ಬಹಿಷ್ಕಾರಕ್ಕೆ ಮುಖಗಳು ಕಾಣುವುದಿಲ್ಲ. ಇಸ್ರೇಲ್ ತಂಡದಲ್ಲಿ ಅರಬ್ ಆಟಗಾರರೂ ಆಡುತ್ತಾ ಬಂದಿದ್ದಾರೆ. ಸರ್ಕೇಶಿಯನ್ ಮುಸ್ಲಿಮನಾದ ಬಿಬ್ರಾಸ್ ನಾಟ್ಖೊ ಆ ತಂಡದ ನಾಯಕನೂ ಆಗಿದ್ದ. ಬಹಿಷ್ಕಾರ ಅವರನ್ನೂ ಸರಕಾರದ ಜತೆಗೇ ಕಟ್ಟಿ ನಿಲ್ಲಿಸುತ್ತದೆ. ನಿಮ್ಮ ಕಡೆಯವರು ಮಾಡಿದ್ದಕ್ಕೆ ನೀವು ಉತ್ತರ ಕೊಡಿ ಎಂದು ಕೇಳಿಸಿಕೊಂಡು ಅಭ್ಯಾಸವಿರುವ ಯಾರಿಗೂ ಈ ಕಟ್ಟುವಿಕೆ ಸುಲಭವಾಗಿ ಗಂಟಲಿಗೆ ಇಳಿಯಬಾರದು. ಎಲ್ಲೋ ಯಾರೋ ಬಾಂಬು ಹಾಕಿದರೆ ಬೆಳಗ್ಗೆ ಪತ್ರಿಕೆ ತೆರೆಯಲು ಹೆದರುವ ಮನೆಗಳು ನಮ್ಮಲ್ಲಿವೆ. ಆ ಹೆದರಿಕೆ ಬಲ್ಲವರು ಇಡೀ ಒಂದು ಜನವನ್ನು ಒಂದೇ ಮೂಟೆಯಾಗಿ ಕಟ್ಟುವ ಮುನ್ನ ಎರಡು ಸಲ ಯೋಚಿಸಬೇಕು.

ಇನ್ನು ಪರಿಣಾಮದ ಲೆಕ್ಕ. ಇಲ್ಲಿ 1957ರ ಗುಂಪು ಮತ್ತೆ ನೆನಪಾಗುತ್ತದೆ. ವೇಲ್ಸ್ ತಂಡದ ಮ್ಯಾನೇಜರ್ ಜಿಮ್ಮಿ ಮರ್ಫಿ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಮ್ಯಾಟ್ ಬಸ್ಬಿಯ ಸಹಾಯಕರೂ ಆಗಿದ್ದರು. 1958ರ ಫೆಬ್ರುವರಿ 5ರಂದು ಮ್ಯಾಂಚೆಸ್ಟರ್ ತಂಡ ಬೆಲ್‌ಗ್ರೇಡಿನಲ್ಲಿ ಆಡುತ್ತಿದ್ದರೆ, ಮರ್ಫಿ ಕಾರ್ಡಿಫ್‌ನಲ್ಲಿ ಇಸ್ರೇಲಿನ ವಿರುದ್ಧದ ಪಂದ್ಯದಲ್ಲಿ ಇದ್ದರು. ಮಾರನೆಯ ದಿನ ಬೆಲ್‌ಗ್ರೇಡಿನಿಂದ ಮರಳುತ್ತಿದ್ದ ವಿಮಾನ ಮ್ಯೂನಿಕ್‌ನಲ್ಲಿ ಹಿಮದ ಓಡುದಾರಿಯಲ್ಲಿ ಅಪಘಾತಕ್ಕೀಡಾಯಿತು. ಎಂಟು ಆಟಗಾರರೂ ಸೇರಿ ಒಟ್ಟು 23 ಜನ ಸತ್ತರು. ಮರ್ಫಿ ಉಳಿದರು. ಅಳಿದುಳಿದವರನ್ನು ಒಟ್ಟುಗೂಡಿಸಿ ಅದೇ ವರ್ಷ ತಂಡವನ್ನು ಎಫ್ಎ ಕಪ್ ಫೈನಲ್‌ವರೆಗೆ ಕರೆದೊಯ್ದರು. ವೇಲ್ಸ್ ಕೂಡ ಸ್ವೀಡನ್ನಿನಲ್ಲಿ ಹಂಗೇರಿಯನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿ, ಹದಿನೇಳರ ಹುಡುಗ ಪೆಲೆ ಹೊಡೆದ ಒಂದು ಗೋಲಿನಿಂದ ಬ್ರೆಜಿಲ್‌ಗೆ ಸೋತಿತು.

ತುರ್ಕಿ, ಇಂಡೋನೇಷ್ಯಾ, ಈಜಿಪ್ಟ್, ಸುಡಾನ್‌ಗಳ 'ಒಲ್ಲೆ' ಒಬ್ಬ ಮನುಷ್ಯನ ಜೀವ ಉಳಿಸಿತು ಎನ್ನಬಹುದೇ? ಘಟನೆಗಳ ಸರಪಳಿ ಹಾಗಿದೆ. ಆದರೆ ಅದರ ಪುಣ್ಯವನ್ನು ಖಾರ್ಟೂಮಿಗೆ ಬರೆಯಲಾಗದು. ಒಂದು ಕ್ರಿಯೆಯ ದೂರದ ಫಲ ಯಾರ ಕೈಯಲ್ಲೂ ಇಲ್ಲ. ಅದನ್ನು ಹಿಡಿದು ಕ್ರಿಯೆಯನ್ನು ತೂಗಬಾರದು. ತೂಗಬೇಕಾದದ್ದು ಹತ್ತಿರದ ಬೆಲೆಯನ್ನು. ಯಾರು ತೀರ್ಮಾನಿಸಿದರು, ಯಾರು ತೆತ್ತರು? ಮೆಲ್ಬೋರ್ನಿನಲ್ಲಿ ಸೋವಿಯತ್ತರನ್ನು ತಡೆದ ಆ ಇಂಡೋನೇಷ್ಯಾ ಹುಡುಗರನ್ನು ಯಾರಾದರೂ ಕೂರಿಸಿಕೊಂಡು ಕೇಳಿದ್ದರೇ? ಇಂಡೋನೇಷ್ಯಾ ಎಂಬ ಹೆಸರಿನಲ್ಲಿ ಆ ದೇಶ 2022ರವರೆಗಿನ ಒಂದು ವಿಶ್ವಕಪ್ಪಿನಲ್ಲೂ ಆಡಿಲ್ಲ. ಸುಡಾನೂ ಆಡಿಲ್ಲ. ಸಾಮಾನ್ಯವಾಗಿ ತ್ಯಾಗದ ಘೋಷಣೆ ಮಾಡುವವನು ವೇದಿಕೆಯ ಮೇಲಿರುತ್ತಾನೆ, ತ್ಯಾಗ ಮಾಡುವವನು ಬೂಟು ಬಿಚ್ಚುತ್ತಿರುತ್ತಾನೆ.

ಹಾಗಾದರೆ ಬಹಿಷ್ಕಾರ ವ್ಯರ್ಥವೇ? ಅಲ್ಲ. 1966ರ ವಿಶ್ವಕಪ್ಪಿಗೆ ಆಫ್ರಿಕಾದ ವಿಜೇತರು ಏಷ್ಯಾದ ವಿಜೇತರೊಡನೆ ಸೆಣಸಿ ಒಂದೇ ಜಾಗ ಪಡೆಯಬೇಕು ಎಂದು ಫಿಫಾ ಹೇಳಿದಾಗ, ಎನ್‌ಕ್ರುಮಾ ಅವರ ಘಾನಾ ಮುಂದೆ ನಿಂತಿತು. ಇಡೀ ಆಫ್ರಿಕಾ ಖಂಡ ಒಟ್ಟಾಗಿ ಹೊರಬಂತು. ಆಗ ಘಾನಾ ಆಫ್ರಿಕಾದ ಚಾಂಪಿಯನ್, ಕಳೆದುಕೊಳ್ಳಲು ಅದರ ಬಳಿ ಬಹಳ ಇತ್ತು. ಅವರು ಬರಿದೇ ಎದ್ದು ಹೋಗಲಿಲ್ಲ, ನಮಗೆ ನಮ್ಮದೇ ಒಂದು ಜಾಗ ಕೊಡಿ ಎಂದು ಕೇಳಿದರು. 1970ರಲ್ಲಿ ಆಫ್ರಿಕಾಕ್ಕೆ ಆ ಜಾಗ ಸಿಕ್ಕಿತು. ಮೊರಾಕೊ ಮೆಕ್ಸಿಕೊಗೆ ಹೋಯಿತು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದಾಗ, ಮುಂದಿನ ತಿಂಗಳು ರಷ್ಯಾದ ಜತೆ ಆಡಬೇಕಿದ್ದ ಪೋಲೆಂಡ್ ಆಡುವುದಿಲ್ಲ ಎಂದಿತು. ತಟಸ್ಥ ನೆಲ, ಬೇರೆ ಹೆಸರು ಎಂದೆಲ್ಲ ಫಿಫಾ ರಾಜಿ ಸೂಚಿಸಿದರೂ ಒಪ್ಪಲಿಲ್ಲ. ಸ್ವೀಡನ್ ಮತ್ತು ಚೆಕ್ ದೇಶಗಳೂ ಜತೆಗೂಡಿದವು. ಕೆಲವೇ ದಿನಗಳಲ್ಲಿ ರಷ್ಯಾ ಅಮಾನತಾಯಿತು. ಇವೆರಡರಲ್ಲೂ ನಿರಾಕರಣೆಯ ಹಿಂದೆ ಒಂದು ಸ್ಪಷ್ಟ ಬೇಡಿಕೆ ಇತ್ತು, ಜತೆಗಾರರಿದ್ದರು. 1957ರಲ್ಲಿ ನಾಲ್ವರು ಒಬ್ಬೊಬ್ಬರಾಗಿ ಎದ್ದು ಹೋದರು. ಅವರ ಜಾಗಕ್ಕೆ ಚೀಟಿ ಎತ್ತಿ ಇನ್ನೊಬ್ಬರನ್ನು ಕೂರಿಸುವುದು ಫಿಫಾಕ್ಕೆ ಕಷ್ಟವಾಗಲಿಲ್ಲ.

ಆದರೆ ಪೋಲೆಂಡಿನ ಉದಾಹರಣೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತದೆ. ಉಕ್ರೇನಿಗೆ ನಾಲ್ಕು ದಿನದಲ್ಲಿ ಎಚ್ಚೆತ್ತ ಫುಟ್‌ಬಾಲ್ ಜಗತ್ತಿನ ಆತ್ಮಸಾಕ್ಷಿ ಗಾಜಾಕ್ಕೆ ಎರಡು ವರ್ಷವಾದರೂ ಏಕೆ ಏಳಲಿಲ್ಲ? 2025ರ ಆಗಸ್ಟಿನಲ್ಲಿ 'ಪ್ಯಾಲೆಸ್ತೀನಿನ ಪೆಲೆ' ಎಂದು ಹೆಸರಾಗಿದ್ದ 41 ವಯಸ್ಸಿನ ಸುಲೈಮಾನ್ ಅಲ್ ಉಬೈದ್ ಗಾಜಾದಲ್ಲಿ ಆಹಾರದ ನೆರವಿಗಾಗಿ ಕಾಯುತ್ತಿದ್ದಾಗ ಇಸ್ರೇಲ್ ದಾಳಿಯಲ್ಲಿ ಸತ್ತರು ಎಂದು ಪ್ಯಾಲೆಸ್ತೀನ್ ಫುಟ್‌ಬಾಲ್ ಸಂಸ್ಥೆ ತಿಳಿಸಿತು. ಯುರೋಪಿನ ಫುಟ್‌ಬಾಲ್ ಒಕ್ಕೂಟ ಎರಡು ಸಾಲಿನ ಶ್ರದ್ಧಾಂಜಲಿ ಹಾಕಿತು. ಅದರಲ್ಲಿ ಅವರು ಹೇಗೆ ಸತ್ತರೆಂಬುದು ಇರಲಿಲ್ಲ. ಈಜಿಪ್ಟಿನ ಮೊಹಮ್ಮದ್ ಸಲಾಹ್ ಸಾರ್ವಜನಿಕವಾಗಿ ಕೇಳಿದರು: ಹೇಗೆ ಸತ್ತರು, ಎಲ್ಲಿ, ಏಕೆ, ಅದನ್ನು ಹೇಳುತ್ತೀರಾ? ಅವರು ಆಡುವುದನ್ನು ಬಿಡಲಿಲ್ಲ, ಮೈದಾನ ತೊರೆಯಲಿಲ್ಲ. ಸುಮ್ಮನಿರುವುದನ್ನು ಮಾತ್ರ ಬಿಟ್ಟರು. ಅದೂ ಒಂದು ಇನ್ಕಾರೇ. ಆಟದಲ್ಲಿ ರಾಜಕೀಯ ಬೇಡ ಎನ್ನುವ ಸಂಸ್ಥೆಗೆ ಒಬ್ಬ ಆಟಗಾರನ ಸಾವಿನ ಕಾರಣ ಹೇಳುವುದೂ ರಾಜಕೀಯವಾಗಿ ಕಂಡಿತೆಂದರೆ, ಆ ನಿಯಮ ಯಾರನ್ನು ಕಾಯುತ್ತಿದೆ ಎಂದು ಕೇಳಲೇಬೇಕಾಗುತ್ತದೆ.

'ಐ' ಗುಂಪಿನ ನಾರ್ವೆ ಮಾಡಿದ್ದನ್ನು ಇಲ್ಲಿ ಹೇಳಬೇಕು. 2025ರ ಅಕ್ಟೋಬರ್ 11ರಂದು ಓಸ್ಲೋದಲ್ಲಿ ಅದು ಇಸ್ರೇಲಿನ ಜತೆ ಆಡಿತು, 5-0 ಗೆದ್ದಿತು, ಹಾಲಂಡ್ ಮೂರು ಗೋಲು ಹೊಡೆದರು. ಕದನವಿರಾಮ ಜಾರಿಯಾಗಿ ಒಂದು ದಿನವಾಗಿತ್ತು. ಆದರೆ ಆ ಪಂದ್ಯದ ಟಿಕೆಟ್ಟಿನಿಂದ ಬರುವ ಲಾಭವನ್ನು ಗಾಜಾದಲ್ಲಿ ಕೆಲಸ ಮಾಡುವ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಗೆ ಕೊಡುವುದಾಗಿ ನಾರ್ವೆಯ ಫುಟ್‌ಬಾಲ್ ಸಂಸ್ಥೆ ಮೊದಲೇ ಘೋಷಿಸಿತ್ತು. ಇದನ್ನು ಅರೆಮನಸ್ಸಿನ ನ್ಯಾಯ ಎಂದವರಿದ್ದಾರೆ. ಕೊಂದವರ ಜತೆ ಆಡಿ ಗಾಯಾಳುಗಳಿಗೆ ಹಣ ಕೊಟ್ಟರೆ ಏನಾಯಿತು ಎಂದು ಕೇಳಿದವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ನನಗೆ ಮುಖ್ಯವೆನಿಸಿದ್ದು, ಈ ಪಂದ್ಯದಿಂದ ನಾವು ಲಾಭ ಪಡೆಯುವುದಿಲ್ಲ ಎಂದು ಅವರು ಹೇಳಿದ್ದು. ಎದುರಾಳಿಯ ಹುಡುಗರಿಗೆ ಮೈದಾನದ ಸಮಾನತೆ ಕೊಟ್ಟರು, ತಮ್ಮ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದರು.

ಇದರ ಪಕ್ಕದಲ್ಲಿ ಅದರ ಹಿಂದಿನ ತಿಂಗಳು ದುಬೈಯಲ್ಲಿ ನಡೆದ ಏಷ್ಯಾ ಕಪ್ ಕ್ರಿಕೆಟ್ಟನ್ನು ಇಟ್ಟು ನೋಡಿ. ಪಹಲ್ಗಾಮ್‌ನಲ್ಲಿ 26 ಜನ ಅಮಾಯಕರನ್ನು ಕೊಂದ ನೋವು ದೇಶದ ಎದೆಯಲ್ಲಿತ್ತು. ಭಾರತ ತಂಡ ಪಾಕಿಸ್ತಾನದ ಜತೆ ಮೂರು ಸಲ ಆಡಿತು, ಮೂರೂ ಸಲ ಗೆದ್ದಿತು, ಕೈ ಮಾತ್ರ ಕುಲುಕಲಿಲ್ಲ. ಆ ನೋವು ಸುಳ್ಳಲ್ಲ. ಆದರೆ ಆಡುವುದಿಲ್ಲ ಎಂದಿದ್ದರೆ ಹೋಗುತ್ತಿದ್ದುದು ಪ್ರಸಾರದ ಹಣ. ಕೈ ಕುಲುಕದೆ ಇದ್ದರೆ ಹೋದದ್ದು ಎದುರಿಗೆ ನಿಂತ ಹುಡುಗನ ಮುಖ. ಆಟವನ್ನು ಇಟ್ಟುಕೊಂಡು ಮರ್ಯಾದೆಯನ್ನು ಬಿಡುವುದು, ಆಟದ ಲಾಭವನ್ನು ಬಿಟ್ಟು ಮರ್ಯಾದೆಯನ್ನು ಇಟ್ಟುಕೊಳ್ಳುವುದು, ಇವೆರಡರ ವ್ಯತ್ಯಾಸವನ್ನು ಓದುಗರೇ ತೂಗಲಿ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ತೋರುವುದು, ಆಡಲೊಲ್ಲೆ ಎನ್ನುವವನು ತನ್ನನ್ನೇ ಮೂರು ಮಾತು ಕೇಳಿಕೊಳ್ಳಬೇಕು. ಇದರಿಂದ ನಾನು ಏನನ್ನಾದರೂ ಕಳೆದುಕೊಳ್ಳುತ್ತಿದ್ದೇನೆಯೇ, ಇಲ್ಲ ಇನ್ನೊಬ್ಬನ ಪ್ರಾಯವನ್ನು ಖರ್ಚು ಮಾಡುತ್ತಿದ್ದೇನೆಯೇ? ಕಾರಣವನ್ನು ಎದುರಾಳಿಯ ಮುಖ ನೋಡಿ ಹೇಳಬಲ್ಲೆನೇ, ಇಲ್ಲ ಬೂಟಿನ ಮೇಲೆ ಹಾಕುತ್ತಿದ್ದೇನೆಯೇ? ಇದೇ ತಪ್ಪನ್ನು ನನ್ನ ಕಡೆಯವರು ಮಾಡಿದರೂ ಹೀಗೇ ಎದ್ದು ಹೋಗುತ್ತೇನೆಯೇ? ಮೊದಲ ಎರಡಕ್ಕೆ ಉತ್ತರ ಕೊಡುವವರು ಸಿಗುತ್ತಾರೆ. ಮೂರನೆಯದರ ಮುಂದೆ ಬಹಳ ಜನ ಗುರೇಜ್ ಮಾಡುತ್ತಾರೆ, ಮುಸ್ಲಿಂ ದೇಶಗಳೂ ಸೇರಿ.

ಏಕೆಂದರೆ 1957ರ ಆ ಗುಂಪಿನಲ್ಲಿ ಕೊನೆಗೆ ಉಳಿದು 'ಇಲ್ಲ' ಎಂದ ಸುಡಾನ್ 2023ರ ಏಪ್ರಿಲಿನಿಂದ ಅಂತರ್ಯುದ್ಧದಲ್ಲಿ ಉರಿಯಿತು. ಮೊದಲ ಆಫ್ರಿಕನ್ ಕಪ್ ನಡೆದ ಖಾರ್ಟೂಮ್ ನಗರವನ್ನೇ ಗುಂಡುಗಳು ಜಾಲರಿ ಮಾಡಿದವು. ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. 2026ರ ವಿಶ್ವಕಪ್ಪಿನ ಅರ್ಹತಾ ಗುಂಪಿನಲ್ಲಿ ಸುಡಾನಿನ ಹುಡುಗರು ತವರಿನ ಪಂದ್ಯಗಳನ್ನು ಪರದೇಶದಲ್ಲಿ, ಲಿಬಿಯಾದ ಬೆಂಗಾಜಿಯಲ್ಲಿ ಆಡಿದರು. ಬಲಿಷ್ಠ ಸೆನೆಗಲ್ ತಂಡವನ್ನು ಅಲ್ಲಿ 0-0ಗೆ ತಡೆದರು. ಆ ಯುದ್ಧಕ್ಕೆ ಆಯುಧ ಒದಗಿಸಿದವರ ಜತೆ ಆಡುವುದಿಲ್ಲ ಎಂದು ಯಾವ ದೇಶವೂ ಹೇಳಲಿಲ್ಲ. ಆಡಬೇಕೆ ಬೇಡವೆ ಎಂಬ ಚರ್ಚೆಯೂ ನಮ್ಮ ಚಹಾದಂಗಡಿಗಳಲ್ಲಿ ಆಗಲಿಲ್ಲ. ಕೊಲ್ಲುವವರೂ ಸಾಯುವವರೂ ಒಂದೇ ಕಡೆಯವರಾದರೆ ನಮ್ಮ ಪತ್ರಿಕೆಯ ಒಳಪುಟದಲ್ಲೂ ಅದಕ್ಕೆ ಜಾಗ ಇರುವುದಿಲ್ಲ.